ಉಸ್ತಾದರ ಚಹಾ ಕಪ್ಪು

ರಾಯಚೂರಿನ ತೀನ್ ಕಂದೀಲ್ ಹತ್ತಿರದ ಓಣಿಯಲ್ಲಿ ಬುರ್ಹಾನುದ್ದೀನ್ ಉಸ್ತಾದರ ವೆಲ್ಡಿಂಗ್ ಅಂಗಡಿ ಇತ್ತು. ಏಳು ವರ್ಷ ಅಲ್ಲಿ ಕೆಲಸ ಕಲಿತೆ. ಗೇಟಾಗಲಿ, ಕಿಟಕಿಯ ಜಾಲರಿಯಾಗಲಿ, ಮುಗಿದ ಕೆಲಸವನ್ನು ನೆಲಕ್ಕೆ ಮಲಗಿಸಿದಾಗ ಉಸ್ತಾದರು ಅದರ ಮೇಲೆ ತಮ್ಮ ಚಹಾ ಕಪ್ಪು ಇಟ್ಟರೆ ಪಾಸು. ಕಪ್ಪು ಕೈಯಲ್ಲೇ ಉಳಿದರೆ ಮತ್ತೆ ಬಿಚ್ಚಿ ಮಾಡಬೇಕು. ಒಂದು ಮಾತೂ ಆಡುತ್ತಿರಲಿಲ್ಲ, ಪುಣ್ಯಾತ್ಮ. ಮಧ್ಯಾಹ್ನ ಮೂರಕ್ಕೆ ಅವರ ಮಗಳು ತಹಸೀನ್, ಎರಡು ಜಡೆಯ ಚಿಕ್ಕ ಹುಡುಗಿ, ಮನೆಯಿಂದ ಚಹಾದ ಫ್ಲಾಸ್ಕ್ ತರುತ್ತಿದ್ದಳು. ನಾವೆಲ್ಲ ಗ್ರೈಂಡರ್ ನಿಲ್ಲಿಸಿ ಆ ಕಪ್ಪನ್ನೇ ನೋಡುತ್ತ ಕೂರುತ್ತಿದ್ದೆವು. ಸುಟ್ಟ ಕಬ್ಬಿಣದ ವಾಸನೆಯ ನಡುವೆ ಏಲಕ್ಕಿಯ ಘಮ. ಅಂಥ ಮೂರು ಗಂಟೆ ನನಗೆ ಮತ್ತೆ ಎಲ್ಲೂ ಸಿಗಲಿಲ್ಲ.

ಏಳನೇ ವರ್ಷ ನಾನೊಬ್ಬನೇ ಮಾಡಬೇಕಾದ ಮೊದಲ ಕೆಲಸ ಬಂತು. ಸಿರವಾರದ ರೈಸ್ ಮಿಲ್ ಮಾಲೀಕರ ಅಡುಗೆಮನೆಗೆ, ಹಿತ್ತಾಳೆ ಕೊಡಗಳನ್ನು ಇಡುವ ಗೋಡೆ ಸ್ಟ್ಯಾಂಡು. ಅಂದ ಕಾಣಲೆಂದು ಬೆಸುಗೆಯನ್ನು ಗ್ರೈಂಡರಿನಿಂದ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ್ದೆ. ಉಸ್ತಾದರು ಬೆರಳಾಡಿಸಿದರು, ಕಪ್ಪು ಇಡಲಿಲ್ಲ. ನನ್ನ ಕೈಚಳಕ ಕಂಡು ಹೊಟ್ಟೆಕಿಚ್ಚು ಅಂದುಕೊಂಡೆ. ಮರುದಿನ ಅವರು ನಮಾಜಿಗೆ ಹೋದಾಗ ಅದನ್ನು ಆಟೋದಲ್ಲಿ ಹೇರಿ ಕಳಿಸಿಬಿಟ್ಟೆ.

ಎಂಟೇ ದಿನಕ್ಕೆ, ಉಜ್ಜಿ ತೆಳುವಾಗಿದ್ದ ಬೆಸುಗೆ ಬಿಟ್ಟು ಕೊಡಗಳೆಲ್ಲ ನೆಲಕ್ಕೆ ಬಿದ್ದವು. ಮಾಲೀಕರ ತಾಯಿ ನೀಲಗಂಗಮ್ಮನವರ ಕಾಲು ಸ್ವಲ್ಪದರಲ್ಲಿ ಉಳಿಯಿತು. ಉಸ್ತಾದರೇ ಸಿರವಾರಕ್ಕೆ ಹೋಗಿ, ಕೈಮುಗಿದು, ಹೊಸದು ಮಾಡಿಕೊಟ್ಟು ಬಂದರು. ನನಗೆ ಒಂದು ಬೈಗುಳವಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟು ನನಗೆ ಮೊದಲೇ ಮೂಗಿನ ತುದಿಯಲ್ಲಿ. ತಪ್ಪಾಯಿತು ಅನ್ನುವ ಬದಲು ಕೈಗವಸು ಕಿತ್ತೆಸೆದು ಮಾನ್ವಿಗೆ ಬಂದು ಸ್ವಂತ ಅಂಗಡಿ ಹಾಕಿದೆ. ಇಪ್ಪತ್ತೆರಡು ವರ್ಷ ಆ ಓಣಿಗೆ ಕಾಲಿಡಲಿಲ್ಲ.

ಹೋದ ತಿಂಗಳು ಫೋನು ಬಂತು.

“ಶೇಖರಣ್ಣ, ನಾ ತಹಸೀನ್ ರೀ. ಈಗ ದೇವದುರ್ಗದಾಗ ಕಾಲೇಜಿನ್ಯಾಗ ಪಾಠ ಹೇಳ್ತೀನಿ, ಮನಿ ಕಟ್ಟಿಸೀನಿ. ಪುಸ್ತಕ ಇಡಾಕ ಗ್ವಾಡಿಗೆ ಉಕ್ಕಿನ ಶೆಲ್ಫ್ ಬೇಕ್ರಿ. ಕೆಳಗ ಆಸರಕ್ಕ ಏನೂ ಕಾಣಬಾರದು. ಗಾಳ್ಯಾಗ ನಿಂತಂಗ ಇರಬೇಕು.”

“ಉಸ್ತಾದ್ರು ಹೆಂಗದಾರವ್ವ?” ಅಂದೆ.

“ನನ್ನ ಹತ್ರನ ಅದಾರ. ಕಣ್ಣು ಹೋಗ್ಯಾವ. ಯಾರ ಕಡಿಂದ ಮಾಡಸ್ಲಿ ಅಂತ ಕೇಳಿದೆ. ನಿಮ್ಮ ಹೆಸರೊಂದ ಹೇಳಿದ್ರು.”

ಅವತ್ತು ಊಟ ರುಚಿಸಲಿಲ್ಲ. ನನಗೂ ಅಂಗಡಿ ಇದೆ, ಕೈಕೆಳಗೆ ನಾಲ್ಕು ಜನ ಇದ್ದಾರೆ. ಆದರೂ ಆ ಕಪ್ಪು ಒಂದು ಸಲ ನನ್ನ ಕೆಲಸದ ಮೇಲೆ ಕೂರಬೇಕು ಅನ್ನುವ ಆಸೆ ಹೋಗಿರಲಿಲ್ಲ. ನರೆತ ತಲೆಗೆ ಇದೆಂಥ ಚಪಲ ಎಂದು ನನ್ನನ್ನೇ ಬೈದುಕೊಂಡೆ.

ಹಾಳೆಯ ಮೇಲೆ ನಾಲ್ಕು ಸಲ ಗೆರೆ ಎಳೆದು ಅಳಿಸಿದೆ. ದಪ್ಪ ಉಕ್ಕಿನ ಪಟ್ಟಿಯನ್ನು ಬೋಲ್ಟು ಹಾಕಿ ಗೋಡೆಗೆ ಬಿಗಿಯುವುದು. ಪಟ್ಟಿಯಿಂದ ಚೌಕ ಪೈಪುಗಳು ಬೆರಳಿನಂತೆ ಮುಂದಕ್ಕೆ ಚಾಚಬೇಕು. ಅವುಗಳ ಮೇಲೆ ತಗಡಿನ ಪೆಟ್ಟಿಗೆಯನ್ನು, ದಿಂಬಿಗೆ ಗಲೀಪು ಹಾಕಿದಂತೆ, ತೂರಿಸಿಬಿಟ್ಟರೆ ಹೊರಗೆ ಕಾಣುವುದು ಬರೀ ಹಲಗೆ. ಭಾರವೆಲ್ಲ ಒಳಗಿನ ಬೆಸುಗೆಯ ಮೇಲೆ. ಮಶಿನ್ನನ್ನು ದೇವದುರ್ಗಕ್ಕೇ ಒಯ್ದು ಅವರ ಅಂಗಳದಲ್ಲೇ ಬೆಸೆದೆ. ಬೆಸುಗೆಗೆ ಗ್ರೈಂಡರ್ ಮುಟ್ಟಿಸಲಿಲ್ಲ.

ಪಟ್ಟಿ ಗೋಡೆಗೆ ಕೂತ ಮೇಲೆ ತಹಸೀನ್ ತಂದೆಯ ಕೈಹಿಡಿದು ಕರೆತಂದಳು. ಎಷ್ಟು ಸಣ್ಣಗಾಗಿದ್ದರು! ಕಾಲು ಮುಟ್ಟಿದೆ.

“ಉಸ್ತಾದ್ರ, ನಾ ಶೇಖರ ರೀ.”

“ಮುಂಜಾನಿಂದ ಗ್ರೈಂಡರ್ ಸಪ್ಪಳನ ಇಲ್ಲ. ನೀ ಹೌದೋ ಅಲ್ಲೋ ಅಂತ ಅನುಮಾನ ಬಂದಿತ್ತಲೇ.”

ಪೈಪು ಪಟ್ಟಿಗೆ ಸೇರುವಲ್ಲೆಲ್ಲ ಹೆಬ್ಬೆರಳು ಒತ್ತಿ ನೋಡಿದರು. ಒಂದು ಮೂಲೆಯನ್ನೂ ಬಿಡಲಿಲ್ಲ. ನನಗೆ ಇನ್ನು ತಡೆಯಲಾಗಲಿಲ್ಲ.

“ಸಿರವಾರದ್ದು ನನ್ನ ತಪ್ಪು ರೀ ಉಸ್ತಾದ್ರ. ಅವತ್ತ ಹೇಳಬೇಕಿತ್ತು.”

“ಪೆಟ್ಟಿಗಿ ಏರಿಸು,” ಅಂದರು, ಅಷ್ಟೇ.

ಏರಿಸಿ ಸ್ಕ್ರೂ ಬಿಗಿದೆ. ಎದೆಮಟ್ಟದ ಆ ಶೆಲ್ಫಿನ ಮೇಲೆ ಮುದುಕ ಎರಡೂ ಮೊಣಕೈ ಊರಿ ಕಾಲು ಮೇಲಕ್ಕೆತ್ತಿಬಿಟ್ಟರು. ತಹಸೀನ್ “ಅಬ್ಬಾ!” ಎಂದು ಚೀರಿದಳು. ಶೆಲ್ಫು ಕೂದಲೆಳೆಯಷ್ಟೂ ಅಲುಗಲಿಲ್ಲ. ನನ್ನ ಜೀವ ಮಾತ್ರ ಬಾಯಿಗೆ ಬಂದಿತ್ತು.

ಗಾಬರಿ ಇಳಿದ ಮೇಲೆ ಅವಳು ಚಹಾ ತಂದಳು, ಅದೇ ಏಲಕ್ಕಿಯ ಚಹಾ. ಉಸ್ತಾದರು ಕಪ್ಪು ಹಿಡಿದು ನಿಂತೇ ಇದ್ದರು. ಎಡಗೈಯಿಂದ ಶೆಲ್ಫಿನ ಕೆಳಗೆಲ್ಲ ತಡವಿದರು, ಆಸರೆಗೆ ಏನೂ ಸಿಗಲಿಲ್ಲ. ಕಪ್ಪು ಇನ್ನೂ ಕೈಯಲ್ಲೇ ಇತ್ತು. ಸರಿ, ಈ ಜನ್ಮಕ್ಕೆ ಇಷ್ಟೇ ಎಂದುಕೊಂಡು ಸ್ಪ್ಯಾನರು ಚೀಲಕ್ಕೆ ತುಂಬತೊಡಗಿದೆ.

ಹಿಂದೆ ಉಕ್ಕಿನ ಮೇಲೆ ಪಿಂಗಾಣಿ ಕೂತ ಸದ್ದಾಯಿತು. ತಿರುಗಿ ನೋಡಿದರೆ ಕಪ್ಪು ಶೆಲ್ಫಿನ ಮೇಲಿತ್ತು, ಉಸ್ತಾದರ ಕೈ ಖಾಲಿ. ನಾನು ಗೋಡೆಯ ಕಡೆ ಮುಖ ಮಾಡಿ ಅತ್ತೆ.

“ಅಬ್ಬಾ, ಚಾ ಆರಾಕತ್ತದ, ಕುಡೀರಿ,” ಅಂದಳು ತಹಸೀನ್.

“ಇರ್ಲಿ ಬಿಡು ಬೇಟಿ. ಇಪ್ಪತ್ತೆರಡು ವರ್ಷ ಆರೇದ, ಇನ್ನೊಂದು ಗಳಿಗಿ ಅಲ್ಲೇ ಇರ್ಲಿ.”