ಶ್ರುತಿ ಮುಗಿಯದ ಎಂಜಿನ್

ಪ್ರೇರಿ ಬೆಂಡ್‌ನ ವಿಮಾನಬಯಲಿನ ಸುತ್ತ ಯಾರ ಮನೆಯ ಹಿತ್ತಲಿಗೆ ಹೋದರೂ ಎಲ್ಡನ್ ಕೊಯ್ದು ಬಿಸಾಡಿದ ಅಲ್ಯೂಮಿನಿಯಂ ಕೊಳವೆಯ ತುಂಡೊಂದು ಕಣ್ಣಿಗೆ ಬೀಳುತ್ತಿತ್ತು. ಒಬ್ಬರು ಅದರಲ್ಲಿ ಕೊಡೆ ನಿಲ್ಲಿಸಿದ್ದರು. ಇನ್ನೊಬ್ಬರು ಟೊಮೆಟೊ ಗಿಡಕ್ಕೆ ಆಸರೆ ಕೊಟ್ಟಿದ್ದರು. ಬಯಲಿನ ಯಜಮಾನ ಕ್ಲೆಮ್ ಅದರ ಎರಡೂ ಬಾಯಿಗೆ ಜಾಲರಿ ಬಡಿದು, ಹಕ್ಕಿಗಳಿಗೆಂದು ಸೂರ್ಯಕಾಂತಿ ಬೀಜ ತುಂಬಿ ಮರಕ್ಕೆ ನೇತುಹಾಕಿದ್ದ. ಈ ಕೊಳವೆಯಿಂದ ಹಕ್ಕಿಗಳಂತೂ ಚೆನ್ನಾಗಿ ಹಾರುತ್ತಿವೆ, ವಿಮಾನ ಯಾವಾಗ ಎಂದು ಭಾನುವಾರದ ಪ್ಯಾನ್‌ಕೇಕ್ ಪಂಕ್ತಿಯಲ್ಲಿ ಅವನು ಕೇಳುವುದೂ, ಎಲ್ಡನ್ ತಟ್ಟೆಗೆ ಮೇಪಲ್ ಪಾಕ ಸುರಿದುಕೊಳ್ಳುತ್ತ ಇನ್ನೊಂದು ಚೂರು ಶ್ರುತಿ ಸೇರಬೇಕು ಎನ್ನುವುದೂ, ಪಂಕ್ತಿಗೆ ಪಂಕ್ತಿಯೇ ನಗುವುದೂ ವಾಡಿಕೆಯಾಗಿಬಿಟ್ಟಿತ್ತು. ಪಕ್ಕದಲ್ಲಿ ಕೂತ ಹೆಂಡತಿ ಆರ್ಡಿತ್ ಕೂಡ ನಗುತ್ತಿದ್ದಳು. ಆದರೆ ಮೂರನೆಯ ಬೇಸಿಗೆಯ ಹೊತ್ತಿಗೆ ಅವಳ ನಗು ಉಳಿದವರ ನಗುವಿಗಿಂತ ಒಂದು ಗಳಿಗೆ ತಡವಾಗಿ ಬರತೊಡಗಿತ್ತು.

ಯಾಕೆಂದರೆ ಹಾರಬೇಕಾದವಳು ಅವಳು.

ವಿಮಾನವನ್ನು ಇಬ್ಬರೂ ಸೇರಿ ಮನೆಯ ಗ್ಯಾರೇಜಿನಲ್ಲೇ ಕಟ್ಟಿದ್ದರು. ರೆಕ್ಕೆಯ ತಗಡಿಗೆ ಹೊರಗಿನಿಂದ ರಿವೆಟ್ ಬಡಿದವಳು ಅವಳು, ಒಳಗೆ ತೋಳಿಟ್ಟು ಉಕ್ಕಿನ ತುಂಡನ್ನು ಒತ್ತಿ ಹಿಡಿದವನು ಅವನು. ಗಂಡ ಹೆಂಡಿರ ಜಗಳಗಳೆಲ್ಲ ಆ ತಗಡಿನ ಆಚೀಚೆ ನಿಂತೇ ಆಗಿ, ಅಲ್ಲೇ ಮುಗಿದಿದ್ದವು. ಎಲ್ಡನ್ ಹೈಸ್ಕೂಲಿನಲ್ಲಿ ಬ್ಯಾಂಡ್ ಕಲಿಸಿ ನಿವೃತ್ತನಾದವನು. ಮನೆಯ ಹಾಲ್‌ನ ದೀಪ ಬದಲಾಯಿಸಲು ಏಣಿ ಹತ್ತಿದರೂ ತಲೆ ತಿರುಗುವ ಆಸಾಮಿ. ಆರ್ಡಿತ್ ಅದೇ ಶಾಲೆಯ ಬಸ್ಸು ಓಡಿಸಿದವಳು. ಬಸ್ಸಿನ ಕೆಲಸ ಬಿಟ್ಟ ವರ್ಷವೇ ಕ್ಲೆಮ್‌ನ ಹಳದಿ ವಿಮಾನದಲ್ಲಿ ಹಾರಲು ಕಲಿತು ಲೈಸೆನ್ಸು ಪಡೆದಳು. ಈಗ ಅವಳಿಗೆ ಅರವತ್ತಾರು. ಹಿಮ ಬಿತ್ತೆಂದರೆ ಹುಲ್ಲಿನ ರನ್‌ವೇ ವಸಂತದವರೆಗೆ ಮುಚ್ಚಿದ ಹಾಗೆ. ಅಷ್ಟರಲ್ಲಿ ಕಣ್ಣು, ಮೊಣಕಾಲು, ರಕ್ತದೊತ್ತಡ ಇವುಗಳಲ್ಲಿ ಯಾವುದು ಮೊದಲು ಕೈಕೊಡುತ್ತದೋ ಯಾರು ಬಲ್ಲರು. ತಾನು ಬಡಿದ ರೆಕ್ಕೆಯ ಮೇಲೆ ತಾನೇ ಒಂದು ಸಲ ಮೇಲೇರಬೇಕು, ಅದೂ ಈ ಹಿಮಕ್ಕೆ ಮುಂಚೆ ಎನ್ನುವುದೊಂದೇ ಅವಳ ಆಸೆ. ಸರ್ಕಾರದ ಕಡೆಯವರು ಬಂದು ನೋಡಿ, ಹಾರಿಸಬಹುದು ಎಂದು ಒಪ್ಪಿಗೆ ಕೊಟ್ಟು ಹೋಗಿ ಎಷ್ಟೋ ಕಾಲವಾಗಿತ್ತು. ಉಳಿದದ್ದು ಎಲ್ಡನ್‌ನ ಕೊಳವೆ ಮಾತ್ರ.

ಎಂಜಿನ್ನು ಗುಜರಿಗೆ ಬಿದ್ದ ಜಪಾನಿ ಕಾರಿನದು. ರೋಟರಿ ಎನ್ನುತ್ತಾರೆ. ಪಿಸ್ಟನ್ನುಗಳಿಲ್ಲ, ಹೊಟ್ಟೆಯೊಳಗೆ ಮೂರು ಮೂಲೆಯ ಎರಡು ಗಟ್ಟಿಗಳು ಗರಗರನೆ ತಿರುಗುತ್ತವೆ. ಗಟ್ಟಿಗೊಂದು ಬಾಯಿ, ಬಾಯಿಗೊಂದು ಗಾಳಿ ಸೇದುವ ಕೊಳವೆ. ಒಂದು ಬಾಯಿ ಮುಚ್ಚಿಕೊಂಡಾಗ ರಭಸದಿಂದ ಬರುತ್ತಿದ್ದ ಗಾಳಿ ಬಾಗಿಲಿಗೆ ಮುಖ ಹೊಡೆದುಕೊಂಡು, ಅವಮಾನವಾದ ನೆಂಟನ ಹಾಗೆ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಕೊಳವೆಯ ಉದ್ದ ಸರಿಯಿದ್ದರೆ, ಪಕ್ಕದ ಬಾಯಿ ಇನ್ನೇನು ಮುಚ್ಚಬೇಕು ಎನ್ನುವಷ್ಟರಲ್ಲಿ ಆ ಅಲೆ ಅಲ್ಲಿಗೆ ತಲುಪಿ, ಮುಂದಿದ್ದ ಗಾಳಿಯನ್ನೂ ಒತ್ತಿ ಒಳಗೆ ತುಂಬುತ್ತದೆ. ಎಂಜಿನ್ನಿಗೆ ಪುಕ್ಕಟೆಯಾಗಿ ಒಂದು ತುತ್ತು ಹೆಚ್ಚು. ಉದ್ದ ತಪ್ಪಿದರೆ ಅಲ್ಲಿಯೂ ಬಾಗಿಲು ಮುಚ್ಚಿರುತ್ತದೆ. ಜೀವಮಾನವೆಲ್ಲ ಕೊಳಲು ಕಹಳೆಗಳ ನಡುವೆ ಕಳೆದ ಎಲ್ಡನ್‌ಗೆ ಇದಕ್ಕಿಂತ ರುಚಿಯಾದ ಸಂಗತಿ ಬೇರೇನಿದ್ದೀತು? ಒಂದು ಅಂಗುಲ ಕೊಯ್ಯುತ್ತಿದ್ದ, ಎರಡು ಅಂಗುಲ ಸೇರಿಸುತ್ತಿದ್ದ, ಕೀಲಿಗೆ ರಬ್ಬರ್ ತೊಡಿಸಿ ಬಿಗಿಯುತ್ತಿದ್ದ, ಮತ್ತೆ ಪರೀಕ್ಷೆ.

ಪರೀಕ್ಷೆಯೆಂದರೆ ವಿಮಾನದ ಬಾಲವನ್ನು ಹಗ್ಗದಿಂದ ಕ್ಲೆಮ್‌ನ ಟ್ರಾಕ್ಟರಿಗೆ ಕಟ್ಟಿ, ನಡುವೆ ಕರು ತೂಗುವ ಮುಳ್ಳಿನ ತಕ್ಕಡಿ ಸಿಕ್ಕಿಸುವುದು. ಆರ್ಡಿತ್ ಒಳಗೆ ಕೂತು ಎಂಜಿನ್ನನ್ನು ಪೂರ್ತಿ ಓಡಿಸಬೇಕು. ಬಾಲದ ಹತ್ತಿರ, ಪ್ರೊಪೆಲ್ಲರಿನ ಗಾಳಿಗೆ ಟೋಪಿ ಹಿಡಿದುಕೊಂಡು ನಿಂತ ಎಲ್ಡನ್, ವಿಮಾನ ಎಷ್ಟು ಪೌಂಡು ಎಳೆಯುತ್ತಿದೆ ಎಂದು ಓದಬೇಕು. ಐನೂರ ಅರವತ್ತು ದಾಟಿದ ದಿನ ಶ್ರುತಿ ಸೇರಿದ ಹಾಗೆ ಎಂದು ಅವನೇ ಗೆರೆ ಎಳೆದಿದ್ದ. ಹೋದ ವರ್ಷ ಐನೂರ ನಲವತ್ತು ಎಂದ. ಈ ಬೇಸಿಗೆಯ ಮೊದಲ ಕೊಳವೆಗೆ ಐನೂರ ಮೂವತ್ತು, ಆಮೇಲೆ ಐನೂರ ಇಪ್ಪತ್ತು. ಪ್ರತಿ ಸಲವೂ ತಲೆಯಾಡಿಸಿ ಗರಗಸ ಹುಡುಕುತ್ತ ಹ್ಯಾಂಗರಿನೊಳಗೆ ಹೋಗುತ್ತಿದ್ದ.

ಆರ್ಡಿತ್ ಬಹಳ ದಿನ ನಂಬಿದಳು. ಆದರೆ ಅವಳ ಕಣ್ಣೆದುರಿಗೇ ಪ್ರೊಪೆಲ್ಲರಿನ ಸುತ್ತು ತೋರಿಸುವ ಮುಳ್ಳೊಂದಿತ್ತು. ಕೊಳವೆ ಬದಲಾದಾಗಲೆಲ್ಲ ಆ ಮುಳ್ಳು ಹೋದ ಸಲಕ್ಕಿಂತ ಒಂದು ಕೂದಲೆಳೆ ಮೇಲೆ ಹೋಗುತ್ತಿತ್ತು. ಎಲ್ಡನ್ ಹೇಳುವ ಎಳೆತ ಮಾತ್ರ ಇಳಿಯುತ್ತಿತ್ತು. ಅದೇ ಪ್ರೊಪೆಲ್ಲರು ಹೆಚ್ಚು ಜೋರಾಗಿ ತಿರುಗಿ ಕಡಿಮೆ ಎಳೆಯುವುದು ಯಾವ ಲೋಕದ ನ್ಯಾಯ? ಅಕ್ಟೋಬರಿನ ಒಂದು ಗುರುವಾರ ಆ ಮುಳ್ಳು ಎಂದೂ ಮುಟ್ಟದ ಗುರುತನ್ನು ಮುಟ್ಟಿತು. ಎಲ್ಡನ್ ಬಾಲದಿಂದ ಬಂದವನು ಐನೂರ ಹತ್ತು ಎಂದು ನಿಟ್ಟುಸಿರು ಬಿಟ್ಟ. ನಿಟ್ಟುಸಿರೇನೋ ಚೆನ್ನಾಗಿತ್ತು. ಕಿವಿಯ ತುದಿ ಮಾತ್ರ ಕೆಂಪಾಗಿತ್ತು.

ಆ ದಿನ ಪಾತ್ರೆ ತೊಳೆಯುತ್ತ ಆರ್ಡಿತ್ ಯೋಚಿಸಿದಳು. ಮಗಳನ್ನು ಕೊಡಲು ಮನಸ್ಸಿಲ್ಲದ ರಾಜ ಬಂದಬಂದ ವರನಿಗೆಲ್ಲ ಹೊಸ ಹೊಸ ಪಂಥ ಒಡ್ಡುತ್ತಾನಲ್ಲ, ಏಳು ಸಮುದ್ರದ ನೀರು ತಾ, ಹುಲಿಯ ಮೀಸೆ ತಾ ಎಂದು, ತನ್ನ ಮನೆಯಲ್ಲೂ ಅಂಥ ರಾಜನೊಬ್ಬ ಸಾಕ್ಸು ಹಾಕಿಕೊಂಡು ಕೂತು ಪೇಪರು ಓದುತ್ತಿದ್ದಾನೆ ಎನ್ನಿಸಿತು. ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನಗುವೂ ಬಂತು. ಎರಡನ್ನೂ ಸೋಪಿನ ನೊರೆಯಲ್ಲಿ ಅದ್ದಿಟ್ಟು ಶನಿವಾರಕ್ಕೆ ಕಾದಳು.

ಶನಿವಾರ ಅವಳಿಗೆ ಇದ್ದಕ್ಕಿದ್ದಂತೆ ಸೊಂಟ ಹಿಡಿದುಕೊಂಡಿತು. ಒಳಗೆ ಹತ್ತಿ ಕೂರುವುದು ಆಗದ ಮಾತು, ಇವತ್ತೊಂದು ದಿನ ನೀನು ಕೂತು ಓಡಿಸು, ನಾನು ತಕ್ಕಡಿ ನೋಡುತ್ತೇನೆ ಎಂದಳು. ಎಲ್ಡನ್ ತಡವರಿಸಿದ. ಬಾಲದ ಹತ್ತಿರ ಗಾಳಿ ಜೋರು ಎಂದ, ಧೂಳು ಎಂದ, ಆ ಮುಳ್ಳು ಓದಲು ಅವಳ ಕಣ್ಣು ಸಾಲದು ಎಂದ. ವಿಮಾನ ಹಾರಿಸಲು ಸಾಕು ಎಂದು ಡಾಕ್ಟರು ಒಪ್ಪಿದ ಕಣ್ಣು ಕರು ತೂಗಲು ಸಾಲದೇ ಎಂದು ಅವಳು ಕೇಳಿದಳು. ಹುಲ್ಲು ಕೊಯ್ಯುವ ಬಂಡಿಯ ಮೇಲೆ ಕೂತಿದ್ದ ಕ್ಲೆಮ್ ಎಲ್ಲಿಯೋ ನೋಡುತ್ತ ಕೆಮ್ಮಿದ. ಎಲ್ಡನ್ ಹತ್ತಿ ಕೂತ.

ಎಂಜಿನ್ನು ಅರಚಿತು. ಹಗ್ಗ ಸೆಟೆದು ನಿಂತಿತು. ಆರ್ಡಿತ್ ಬಗ್ಗಿ ತಕ್ಕಡಿಯನ್ನು ನೋಡಿದಳು. ಇನ್ನೊಂದು ಸಲ ನೋಡಿದಳು. ಆಮೇಲೆ ಕೈಯೆತ್ತಿ ಸಾಕು ಎಂದು ಸನ್ನೆ ಮಾಡಿ, ಎಂಜಿನ್ನು ಆರಿದ ಮೇಲೆ, ಸಾವಿನ ಮನೆಯಿಂದ ಬರುವವಳ ಹಾಗೆ ನಿಧಾನ ನಡೆದು ಬಂದಳು.

"ಎಷ್ಟು?" ಎಂದ ಎಲ್ಡನ್.

"ನಾನೂರ ಹತ್ತು."

"ಎಷ್ಟು?"

"ನಾನೂರ ಹತ್ತು, ಮೇಷ್ಟ್ರೇ. ಆ ಹತ್ತೂ ಅನುಮಾನವೇ." ಕೀಟಲೆ ಮಾಡುವಾಗ ಮಾತ್ರ ಅವನು ಅವಳಿಗೆ ಮೇಷ್ಟ್ರು. ಆದರೆ ಈಗ ಅವಳ ಮುಖದಲ್ಲಿ ಕೀಟಲೆಯ ಸುಳಿವಿರಲಿಲ್ಲ.

"ಮುಳ್ಳು ಎಲ್ಲೋ ಸಿಕ್ಕಿಹಾಕ್ಕೊಂಡಿರುತ್ತೆ. ತಕ್ಕಡಿಗೆ ಒಂದೇಟು ಕೊಟ್ಟು ನೋಡ್ಬೇಕಿತ್ತು."

"ಕೊಟ್ಟೆ. ಮುನ್ನೂರ ತೊಂಬತ್ತಕ್ಕೆ ಇಳೀತು."

ಅವಳು ಅಷ್ಟಕ್ಕೆ ನಿಲ್ಲಿಸಲಿಲ್ಲ. ಪಾಪ, ಇಷ್ಟು ವರ್ಷ ಕಷ್ಟಪಟ್ಟದ್ದು ನೀರಲ್ಲಿ ಹೋಮವಾಯಿತು, ನಿನ್ನ ಕೈಗೆ ಕಹಳೆ ಒಗ್ಗಿದ ಹಾಗೆ ಎಂಜಿನ್ನು ಒಗ್ಗಲಿಲ್ಲ, ಅದಕ್ಕೇನು ನಾಚಿಕೆ, ಎಲ್ಲರಿಗೂ ಎಲ್ಲ ಬರುವುದಿಲ್ಲ ಎಂದು ಬಹಳ ಮೃದುವಾಗಿ ಸಮಾಧಾನ ಹೇಳಿದಳು. ಈ ಕೊಳವೆಯನ್ನೂ ಕ್ಲೆಮ್‌ಗೆ ಕೊಟ್ಟುಬಿಡೋಣ, ಎಂಜಿನ್ನನ್ನು ಬಿಚ್ಚಿ ಅವನ ಹುಲ್ಲಿನ ಬಂಡಿಗೆ ಕೂರಿಸಿದರೆ ನಡೆದೀತು ಎಂದಳು.

ಎಲ್ಡನ್‌ನ ಕುತ್ತಿಗೆ ಕೆಂಪಾಯಿತು. ಹಠಮಾರಿ ಹುಡುಗರು, ಅಪಸ್ವರದ ಟ್ರಂಬೋನು, ಕೇಳಲು ಬಂದು ಆಕಳಿಸುವ ತಂದೆತಾಯಂದಿರು, ಎಲ್ಲವನ್ನೂ ನುಂಗಿ ಬದುಕಿದ ಮನುಷ್ಯ. ಇದೊಂದನ್ನು ನುಂಗಲಾಗಲಿಲ್ಲ.

"ಹುಲ್ಲಿನ ಬಂಡಿಗಾ? ಮುನ್ನೂರ ತೊಂಬತ್ತಂತೆ. ಗುರುವಾರ ಇದೇ ಕೊಳವೆಗೆ ಆರುನೂರ ಹತ್ತು ಬಂದಿದೆ ಕಣೇ, ನಾನೇ ನನ್ನ ಕಣ್ಣಾರೆ..."

ಅಲ್ಲಿಗೆ ನಿಂತ. ಕ್ಲೆಮ್ ತನ್ನ ಬಂಡಿಯನ್ನು ಚಾಲೂ ಮಾಡಿ, ಆಗಲೇ ಕೊಯ್ದಿದ್ದ ಹುಲ್ಲನ್ನು ಮತ್ತೊಮ್ಮೆ ಕೊಯ್ಯುತ್ತ ದೂರ ಹೋದ.

"ಇವತ್ತು ಆರುನೂರ ಹದಿನೈದು," ಎಂದಳು ಆರ್ಡಿತ್.

"ಹದಿನೈದಾ?" ಎಲ್ಡನ್‌ನ ಮುಖ ಅವನ ಅಪ್ಪಣೆ ಕೇಳದೆ ಅರಳಿತು. "ಚಳಿ ಇದೆಯಲ್ಲ. ಚಳಿಗೆ ಗಾಳಿ ದಪ್ಪ ಇರುತ್ತೆ." ಆಮೇಲೆ ತಾನು ಸಿಕ್ಕಿಬಿದ್ದದ್ದು ನೆನಪಾಗಿ, ಕಾಕ್‌ಪಿಟ್ಟಿನಲ್ಲಿ ಕೂತಲ್ಲೇ ತನ್ನ ಮೊಣಕಾಲುಗಳನ್ನು ನೋಡಿಕೊಂಡ.

ಅವಳು ರೆಕ್ಕೆಗೆ ಒರಗಿ ನಿಂತಳು. ಸೊಂಟ ಹಿಡಿದುಕೊಂಡದ್ದು ಇಬ್ಬರಿಗೂ ಮರೆತೇಹೋಗಿತ್ತು.

"ಮೂರು ಬೇಸಿಗೆ ತಿಂದ್ಯಲ್ಲೋ."

"ಎರಡು. ಮೊದಲನೇ ಬೇಸಿಗೇಲಿ ಕೊಳವೆ ನಿಜವಾಗ್ಲೂ ಕೆಟ್ಟದಾಗಿತ್ತು."

ನಗಬಾರದು ಎಂದುಕೊಂಡಳು, ತುಟಿ ಕಚ್ಚಿ ಹಿಡಿದಳು. ಯಾಕೆ ಎಂದು ಕೇಳಿದಳು. ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಹೊಸ ವಿಮಾನದ ಮೊದಲ ಹಾರಾಟಕ್ಕೆ ಒಬ್ಬರೇ ಹೋಗಬೇಕೆಂಬ ನಿಯಮ ಓದಿದಾಗಿನಿಂದ ಗರಗಸ ಕೆಳಗಿಡಲು ಮನಸ್ಸೇ ಬಂದಿಲ್ಲ ಎಂದ. ತನ್ನ ಕೈಯಲ್ಲೇ ಕೊಯ್ದ ಕೊಳವೆ, ತಾನೇ ಬಿಗಿದ ಕೀಲು. ಮೇಲೆ ಅದು ಬಿಟ್ಟುಕೊಂಡರೆ ಕೆಳಗೆ ನಿಂತ ತಾನು ಏನು ಮಾಡಬೇಕು ಎಂದ.

"ನಿನ್ನ ಬ್ಯಾಂಡಿನ ಮಕ್ಕಳನ್ನೆಲ್ಲ ಕೂರಿಸ್ಕೊಂಡು ಹಿಮದಲ್ಲಿ ಬಸ್ ಓಡಿಸಿದೀನಿ. ಆಗ ಒಂದು ದಿನಾನಾದ್ರೂ ಹೆದರ್ಕೊಂಡಿದ್ಯಾ?"

"ಆಗ ನಾನೂ ಬಸ್ಸಲ್ಲಿರ್ತಿದ್ದೆ," ಎಂದ ಎಲ್ಡನ್.

ಅವಳು ಅವನ ಮುಖ ನೋಡಿದಳು. ಇಷ್ಟು ವರ್ಷ ಬಸ್ಸಿನ ಕನ್ನಡಿಯಲ್ಲಿ ಕಂಡ ಮುಖ ಅದು, ಮುಂದಿನ ಸೀಟಿನಲ್ಲಿ ಕಹಳೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗಾಜಿನಾಚೆಯ ಹಿಮವನ್ನು ಅವಳಿಗಿಂತ ಹೆಚ್ಚು ಎಚ್ಚರದಿಂದ ನೋಡುತ್ತಿದ್ದ ಮುಖ. ಅವಳು ರೆಕ್ಕೆಯ ಮೇಲೆ ಹತ್ತಿ ಅವನ ಟೋಪಿಯನ್ನು ಸರಿ ಮಾಡಿದಳು. ಆಮೇಲೆ ತೀರ್ಪು ಕೊಟ್ಟಳು: ಸೋಮವಾರದವರೆಗೆ ಕೀಲು ಕೀಲನ್ನೂ ಬಿಚ್ಚಿ ನೋಡು, ಬಿಗಿ, ಮತ್ತೆ ನೋಡು, ನಾನು ಒಂದು ಮಾತೂ ಆಡುವುದಿಲ್ಲ, ಆದರೆ ಗರಗಸವನ್ನು ಮುಟ್ಟುವ ಹಾಗಿಲ್ಲ. ಗರಗಸ ಆ ಎರಡು ದಿನ ಅವಳ ಕಾರಿನ ಡಿಕ್ಕಿಯಲ್ಲಿತ್ತು.

ಅವನು ನೋಡಿದ. ಮೂರು ಸಲ ಬಿಗಿದ. ಭಾನುವಾರ ಪ್ಯಾನ್‌ಕೇಕಿಗೂ ಬರಲಿಲ್ಲ. ಆರ್ಡಿತ್ ತಟ್ಟೆಯನ್ನು ಹ್ಯಾಂಗರಿಗೇ ತಂದಿಟ್ಟು, ಕೊಟ್ಟ ಮಾತಿನಂತೆ ಬಾಯಿ ಮುಚ್ಚಿಕೊಂಡು ಹೋದಳು. ಮಾತಾಡದಿರುವುದು ಅವಳಿಗೆ ಹಾರುವುದಕ್ಕಿಂತ ಕಷ್ಟವಾಯಿತು. ಸೋಮವಾರ ಬೆಳಿಗ್ಗೆ ಎಲ್ಡನ್ ಎಂಜಿನ್ನಿನ ಮುಚ್ಚಳ ಹಾಕಿ, ಕೊನೆಯ ತಿರುಪನ್ನು ಬಿಗಿದು, ಅಂಗೈಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡು ನಿಂತ. ಆಮೇಲೆ ಇಬ್ಬರೂ ಸೇರಿ ವಿಮಾನವನ್ನು ಹುಲ್ಲಿಗೆ ತಳ್ಳಿದರು.

ಗಾಳಿಯಿರಲಿಲ್ಲ. ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಆರ್ಡಿತ್ ಥ್ರಾಟಲ್ಲನ್ನು ಪೂರ್ತಿ ಒತ್ತಿದಾಗ, ಹಿಂದಿನಿಂದ ಹಿಡಿದೆಳೆಯುವುದು ಏನೂ ಇಲ್ಲದ ಆ ಓಟ ಅವಳಿಗೇ ಹೊಸದಾಗಿ ಕಂಡಿತು. ಬೇಲಿ ಬರುವುದಕ್ಕೆ ಬಹಳ ಮೊದಲೇ ಚಕ್ರಗಳ ಸದ್ದು ನಿಂತುಹೋಗಿತ್ತು. ಬಯಲು ಕೆಳಗೆ ಇಳಿಯಿತು. ಕೆಂಪು ಕೊಟ್ಟಿಗೆಗಳು, ಕಟಾವಾದ ಜೋಳದ ಹೊಲ, ಮಂಜು ಹೊದ್ದ ನದಿ ಎಲ್ಲವೂ ಯಾರೋ ಅಂಗೈಯಲ್ಲಿಟ್ಟು ತೋರಿಸಿದ ಹಾಗೆ ಸಣ್ಣದಾಗಿ, ಚೊಕ್ಕವಾಗಿ ಕಾಣತೊಡಗಿದವು. ಎಡಗಡೆ ತಿರುಗಿ ನೋಡಿದರೆ ತಾನೇ ಬಡಿದ ರಿವೆಟ್ಟುಗಳ ಸಾಲು ಬಿಸಿಲಿಗೆ ಮಿನುಗುತ್ತಿತ್ತು. ಎಂಜಿನ್ನು ಒಂದೇ ಉಸಿರಿನಲ್ಲಿ ಹಾಡುತ್ತಿತ್ತು.

ರೇಡಿಯೊದಲ್ಲಿ ಎಲ್ಡನ್‌ನ ದನಿ ಗೊರಗುಟ್ಟಿತು.

"ಆರ್ಡೀ, ಏನ್ ಮಾಡ್ತಿದೀಯಾ?"

"ಹಾರ್ತಿದೀನಿ."

ಮತ್ತೆ ಅದೇ ದನಿ, ಈಗ ಯಾರಿಗೂ ಕೇಳಬಾರದೆಂಬಂತೆ ಮೆಲ್ಲಗೆ.

"ಎಷ್ಟೊತ್ತಿಗೆ ಬರ್ತೀಯಾ?"

"ಈಗ ತಾನೇ ಹೊರಟಿದೀನಲ್ಲೋ," ಎಂದಳು ಆರ್ಡಿತ್, ಮತ್ತು ರೆಕ್ಕೆಯನ್ನು ನದಿಯ ಕಡೆ ಮೆಲ್ಲಗೆ ಬಾಗಿಸಿದಳು.