ತತ್ತಿ ಹಾಕಿದ ಮ್ಯಾಡ್ಲಿನ್

ಸಿರುಗುಪ್ಪದ ಆ ಮನೆಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷವಾದರೂ ದಾಕ್ಷಾಯಣಿ ಒಂದು ಮೊಟ್ಟೆಯನ್ನೂ ಹೊಸ್ತಿಲು ದಾಟಿಸಿದವಳಲ್ಲ. ಇವತ್ತು ಎರಡನ್ನು ಸೆರಗಿನಲ್ಲಿ ಸುತ್ತಿ ತಂದಿದ್ದಳು. ಅತ್ತೆ ಚನ್ನವೀರಮ್ಮ ಕುರುಗೋಡಿನ ಮಗಳ ಮನೆಗೆ ಹೋದವರು ಸಂಜೆಯ ಬಸ್ಸಿಗೇ ಬರುವುದಾಗಿ ಹೇಳಿದ್ದರು. ಗಂಡ ಅಂಗಡಿಯಲ್ಲಿದ್ದ. ಮನೆ ಖಾಲಿ, ಆದರೂ ಪಾತ್ರೆ ಸದ್ದು ಮಾಡಿದರೆ ಸಾಕು, ಬಾಗಿಲತ್ತ ತಿರುಗಿ ನೋಡುತ್ತಿದ್ದಳು.

ಈ ಸಾಹಸಕ್ಕೆಲ್ಲ ಅಂಜನಾ ಕಾರಣ. ಬಳ್ಳಾರಿಯಲ್ಲಿ ಕಾಫಿ ಅಂಗಡಿ ತೆರೆದಿದ್ದ ಈ ಕಾಲೇಜು ಗೆಳತಿ, ಫ್ರಾನ್ಸಿನ ಬೆಣ್ಣೆ ಕೇಕು, ಚಿಪ್ಪಿನಾಕಾರದ ಮ್ಯಾಡ್ಲಿನ್, ಮನೆಯಲ್ಲೇ ಮಾಡಿಕೊಡುತ್ತೀಯಾ ಎಂದು ಕೇಳಿದ್ದಳು. ಹೋದ ವಾರ ದಾಕ್ಷಾಯಣಿ ಮೊಸರು ಹಾಕಿ ಮಾಡಿದ್ದಳು. ಅತ್ತೆ ಮೂರು ತಿಂದು, ಓಣಿಯವರ ಮುಂದೆಲ್ಲ ಸೊಸೆಯನ್ನು ಹೊಗಳಿ ಬಂದರು. ಅಂಜನಾ ಮಾತ್ರ ಒಪ್ಪಲಿಲ್ಲ. ಕೇಕಿನ ಬೆನ್ನ ಮೇಲೆ ಉಬ್ಬು ಎದ್ದಿಲ್ಲ, ಮೊಟ್ಟೆ ಇಲ್ಲದೆ ಇದು ಆಗುವ ಕೆಲಸವಲ್ಲ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಳು.

ಮೊಟ್ಟೆ, ಸಕ್ಕರೆ, ಮೈದಾ, ಕಾಯಿಸಿದ ಬೆಣ್ಣೆ ಕಲಸಿ, ನಿಂಬೆ ಸಿಪ್ಪೆ ತುರಿದು ಹಾಕಿ, ಹಿಟ್ಟನ್ನು ಒಂದು ಗಂಟೆ ಫ್ರಿಜ್ಜಿನಲ್ಲಿ ಇಟ್ಟಿದ್ದಾಯಿತು. ಅದೇ ಫ್ರಿಜ್ಜಿನಲ್ಲಿ ಅತ್ತೆಯ ಪೂಜೆಯ ಹಾಲೂ ಇತ್ತು. ಹಾಲಿನ ಜಾಗವನ್ನು ಮೂರು ಸಲ ಬದಲಿಸಿದಳು, ಯಾವ ಮೂಲೆಯೂ ಸಾಕಷ್ಟು ದೂರ ಅನ್ನಿಸಲಿಲ್ಲ. ಓವನ್ನಿನ ಗಾಜಿನಾಚೆ ಉಬ್ಬು ಏಳುವುದನ್ನು ಕಂಡಾಗ ಖುಷಿಯಾಯಿತು, ಖುಷಿಯಾಯಿತಲ್ಲ ಎಂದೇ ಮತ್ತೆ ಹೆದರಿಕೆಯಾಯಿತು.

ಹನ್ನೆರಡನ್ನೂ ತಟ್ಟೆಯಲ್ಲಿ ಆರಲು ಹಾಕಿದಳು. ಮೊದಲು ಅವನ್ನು ಮುಚ್ಚಿಡಬೇಕಿತ್ತು. ಆದರೆ ಹೆದರಿದವರ ಬುದ್ಧಿ ನೆಟ್ಟಗಿರುವುದುಂಟೇ? ಅವಳ ಕಣ್ಣಿಗೆ ಬಿದ್ದದ್ದು ಮೊಟ್ಟೆಯ ಓಡು ಮಾತ್ರ. ಅದನ್ನು ಖಾಲಿ ಹಾಲಿನ ಪ್ಯಾಕೆಟ್ಟಿನೊಳಗೆ ತುರುಕಿ, ಹಿತ್ತಿಲಿನಿಂದ ಎರಡು ಓಣಿ ದಾಟಿ ಹೋಗಿ ಎಸೆದಳು. ವಾಪಸು ಬರುವಾಗ ಪಕ್ಕದ ಮನೆಯ ಸಾವಂತ್ರಮ್ಮ ತಡೆದು ನಿಲ್ಲಿಸಿ, ತನ್ನ ಮೊಣಕಾಲು ನೋವಿನ ಕತೆಯನ್ನು ಕಾಲು ಗಂಟೆ ಹೇಳಿದಳು.

ಮನೆಗೆ ಬಂದರೆ ಪಡಸಾಲೆಯಲ್ಲಿ ಅತ್ತೆ. ಅಳಿಯ ಕಾರಿನಲ್ಲಿ ತಂದು ಬಿಟ್ಟು ಹೋಗಿದ್ದ. ಆಗಲೇ ಮುಖ ತೊಳೆದು, ವಿಭೂತಿ ಹಚ್ಚಿ, ಮಣೆಯ ಮೇಲೆ ಕೂತು, ಕೊರಳ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡಿದ್ದರು. ಲಿಂಗಕ್ಕೆ ಮುಟ್ಟಿಸದೆ ಅವರು ಒಂದು ತುತ್ತನ್ನೂ ಬಾಯಿಗಿಟ್ಟವರಲ್ಲ. ಅರವತ್ತು ವರ್ಷದ ನೇಮ. ಕಣ್ಣು ಮುಚ್ಚಿತ್ತು, ತುಟಿ ಮಂತ್ರ ನುಡಿಯುತ್ತಿತ್ತು. ಬಲಗೈಯಲ್ಲಿ ಮ್ಯಾಡ್ಲಿನ್ ಇತ್ತು.

ಆ ಕೈ ಲಿಂಗದತ್ತ ಸರಿಯುತ್ತಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಬಾಯಿಬಿಟ್ಟರೆ ಈ ಮನೆಯಲ್ಲಿ ಅವಳ ಕೈಯ ನೀರನ್ನೂ ಯಾರೂ ಮುಟ್ಟಲಿಕ್ಕಿಲ್ಲ. ದಾಕ್ಷಾಯಣಿ ನೋಡಲಾರದೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಮಾತು ಆಮೇಲೆ ಹೊರಬಿತ್ತು.

“ಅತ್ತೀ, ತಡೀರಿ. ಅದರಾಗ ತತ್ತಿ ಐತ್ರಿ.”

ಅವಳು ಕಣ್ಣು ತೆರೆದಾಗ ಮ್ಯಾಡ್ಲಿನ್ ನೆಲದ ಮೇಲೆ ಬಿದ್ದಿತ್ತು. ಅತ್ತೆ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಮುಖ ಬಿಳಿಚಿ, ಅಂಗೈಯಲ್ಲಿದ್ದ ಲಿಂಗವನ್ನು ಕಣ್ಣ ಹತ್ತಿರ ತಂದು ತಿರುಗಿಸಿ ತಿರುಗಿಸಿ ನೋಡಿದರು.

“ಲಿಂಗಕ್ಕ ಮುಟ್ಟಿತೇನು? ನಾ ಕಣ್ಣ ಮುಚ್ಚಿದ್ದೆ. ನೀ ನೋಡಿದಿಯಲ್ಲ, ಹೇಳವಾ.”

ಮುಟ್ಟಿತ್ತೋ ಇಲ್ಲವೋ, ದಾಕ್ಷಾಯಣಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಈ ವಯಸ್ಸಿನಲ್ಲಿ ಅತ್ತೆ ಇವತ್ತಿನಿಂದ ಊಟವನ್ನೇ ಬಿಡುತ್ತಾರೆ. ಅತ್ತೆಯ ಕಣ್ಣಿನಲ್ಲಿದ್ದ ಹೆದರಿಕೆ ತನ್ನದಕ್ಕಿಂತ ದೊಡ್ಡದು ಎಂದು ಅವಳಿಗೆ ಕಂಡಿತು. ಇದ್ದ ಧೈರ್ಯವೆಲ್ಲ ಆ ಒಂದು ನಿಜಕ್ಕೇ ಖರ್ಚಾಗಿ ಹೋಗಿತ್ತು.

“ಮುಟ್ಟಿಲ್ರಿ,” ಎಂದಳು.

ಚನ್ನವೀರಮ್ಮ ಉಸಿರು ಬಿಟ್ಟರು. ಲಿಂಗವನ್ನು ಕಣ್ಣಿಗೊತ್ತಿಕೊಂಡು ಸ್ವಲ್ಪ ಹೊತ್ತು ಅತ್ತರು. ಆಮೇಲೆ ಸೊಸೆಯನ್ನು ಹತ್ತಿರ ಕರೆದು ಅವಳ ತಲೆ ನೇವರಿಸಿದರು.

“ನೀ ಬಾಯಿ ಬಿಡದಿದ್ರ ನನಗೇನ ತಿಳೀತಿತ್ತು? ಹೆದರಿದ್ರೂ ಖರೇ ಹೇಳಿದಿ. ಇನ್ನ ಮ್ಯಾಲೆ ನಿನ್ನ ಮಾತಿಗೆ ನಾ ಮರುಪ್ರಶ್ನೆ ಕೇಳೂದಿಲ್ಲ.”

ಊಟಕ್ಕೆ ಬಡಿಸು ಎಂದರು. ಮೊಟ್ಟೆಯ ವಿಷಯವನ್ನು ಮತ್ತೆ ಎತ್ತಲಿಲ್ಲ. ಮುಟ್ಟಿತೇ ಎಂದು ಇನ್ನೊಮ್ಮೆ ಕೇಳಿದರೆ ತಾನೂ ಕಣ್ಣು ಮುಚ್ಚಿದ್ದೆನೆಂದು ಹೇಳಿಬಿಡಬೇಕು ಎಂದುಕೊಂಡು ದಾಕ್ಷಾಯಣಿ ಅನ್ನದ ಪಾತ್ರೆ ಹಿಡಿದು ಎದುರಿಗೇ ನಿಂತಿದ್ದಳು. ಅತ್ತೆ ಹೊಟ್ಟೆ ತುಂಬ ಉಂಡು ಕೈ ತೊಳೆಯಲು ಎದ್ದರು.