ಬೀಗರು ಕೂರಿಸಿದ ಹೊಗೆಕೊಳವೆ

ನಮ್ಮ ಬೀದಿಯಲ್ಲಿ ಎಲ್ಲರ ಮನೆಯ ಹೊಗೆಕೊಳವೆಯೂ ಮಾಡಿನ ನೆತ್ತಿಯನ್ನು ದಾಟಿ ನಿಂತಿದೆ. ನಮ್ಮದು ಮಾತ್ರ ನೆತ್ತಿಗಿಂತ ಎರಡು ಮೊಳ ಕೆಳಗೇ ಮುಗಿದುಹೋಗಿತ್ತು. ಅದನ್ನು ಮೊದಲು ಗಮನಿಸಿದವಳು ನಾನು.

ಹಳೆಯ ಒಲೆ ಬಿರುಕು ಬಿಟ್ಟಿತ್ತು. ನಮ್ಮ ಬೆಟ್ಟದೂರು ನಾರಿನ್‌ನಲ್ಲಿ ಅಕ್ಟೋಬರ್ ಕಳೆದ ಮೇಲೆ ಒಲೆಯಿಲ್ಲದೆ ಬದುಕಲಾಗುವುದಿಲ್ಲ. ಕಲ್ಲಿದ್ದಲಿನ ಹೊಸ ಒಲೆ ಹಾಕಿಸಲು ಅಪ್ಪ ಜೋಲ್ದೋಶ್ ಮೇಸ್ತ್ರಿಗೆ ಹೇಳಿಕಳಿಸಿದರು. ಅವರು ನಮ್ಮ ಬೀಗರು. ನನ್ನ ಅಕ್ಕ ಬುರುಲಾಯ್ ಅವರ ಮನೆಯ ಸೊಸೆ. ಬೀಗರೇ ಮೇಸ್ತ್ರಿಯಾಗಿರುವಾಗ ಹೊರಗಿನವನನ್ನು ಕರೆದರೆ ಅವರ ಮುಖಕ್ಕೆ ಹೊಡೆದ ಹಾಗೆ.

ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಯ ಯಜಮಾನಿ ವೇರಾ, ಗೋಡೆ ರಿಪೇರಿಗೆ ಮೊದಲು ಮೇಸ್ತ್ರಿಯಿಂದ ಕರಾರು ಬರೆಸಿಕೊಂಡಿದ್ದಳು. ಯಾವ ಕೆಲಸ, ಎಂಥ ಸಾಮಾನು, ಯಾವ ದಿನ ಮುಗಿಯಬೇಕು, ಕೆಟ್ಟರೆ ಯಾರು ಸರಿಮಾಡಿಕೊಡಬೇಕು, ಎಲ್ಲ ಅದರಲ್ಲಿತ್ತು. ಅದನ್ನು ನೋಡಿಕೊಂಡು ನಮ್ಮ ಒಲೆಗೂ ಒಂದು ಹಾಳೆ ಬರೆದೆ. ಪಕ್ಕದ ಮನೆಯವರನ್ನು ಕೇಳಿ, ಕೊಳವೆ ಮಾಡಿನ ನೆತ್ತಿಯನ್ನು ದಾಟಿರಬೇಕು ಎಂಬುದನ್ನೂ ಸೇರಿಸಿದೆ.

ಬೀಗರು ಬಂದ ದಿನ ಊಟದ ಹಾಸಿನ ಮೇಲೆ, ಅಪ್ಪನ ಬಟ್ಟಲಿನ ಪಕ್ಕದಲ್ಲಿ ಆ ಹಾಳೆ ಇಟ್ಟು ಹಿಂದೆ ಸರಿದು ಕೂತೆ. ಮೇಸ್ತ್ರಿ ಕೈ ಚಾಚಿ ತಾವೇ ತೆಗೆದುಕೊಂಡರು. ಓದುತ್ತಾ ಓದುತ್ತಾ ಅವರ ಹೊಟ್ಟೆ ಕುಲುಕತೊಡಗಿತು.

"ಏನಮ್ಮಾ ಅನಾರಾ, ಒಲೆಗೂ ಲಗ್ನಪತ್ರಿಕೆ ಬರ್ದಿದೀಯಾ?" ಎಂದು ನಕ್ಕರು. ಆಮೇಲೆ ಅಪ್ಪನ ಕಡೆ ತಿರುಗಿದರು. "ಅಲ್ಲ ಬೀಗರೇ, ನಿಮ್ಮ ದೊಡ್ಡ ಮಗಳನ್ನ ಮನೆ ತುಂಬಿಸ್ಕೊಂಡಾಗ ನಾನೇನಾದ್ರೂ ಸಹಿ ಕೇಳಿದ್ನಾ? ಕೆಟ್ರೆ ವಾಪಸ್ ತಗೋಬೇಕು ಅಂತ ಬರೆಸ್ಕೊಂಡ್ನಾ?"

ಅಪ್ಪನ ಕಿವಿ ಕೆಂಪಾಯಿತು. "ಹುಡುಗಿ, ಅದಕ್ಕೇನು ಗೊತ್ತು. ಮನಸ್ಸಿಗೆ ಹಚ್ಕೋಬೇಡಿ" ಎಂದು ಹಾಳೆಯನ್ನು ಮಡಚಿ ಅಂಗಿಯೊಳಗೆ ಸೇರಿಸಿದರು.

ರೊಟ್ಟಿ ಮುರಿದದ್ದಾಯಿತು. ಮೇಸ್ತ್ರಿ ಎರಡೂ ಅಂಗೈ ಬಿಡಿಸಿ, "ಈ ಮನೆ ಬೆಚ್ಚಗಿರಲಿ, ಒಲೆ ಆರದಿರಲಿ" ಎಂದು ಹರಸಿದರು. ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡೆವು. ನಮ್ಮಲ್ಲಿ ಅಲ್ಲಿಗೆ ಮಾತು ಮುಗಿಯಿತು. ಅದರ ಮೇಲೆ ಯಾರೂ ಏನೂ ಕೇಳುವ ಹಾಗಿಲ್ಲ.

ಎರಡು ದಿನದಲ್ಲಿ ಒಲೆ ನಿಂತಿತು. ಕೊಳವೆ ಸಾಲದೆ ಬಂತು. ಉಳಿದ ತುಂಡನ್ನು ಆಮೇಲೆ ತರುತ್ತೇನೆಂದು ಹೋದ ಮೇಸ್ತ್ರಿ, ಕಣಿವೆಯಾಚೆ ಹೋಟೆಲೊಂದರ ಕೆಲಸ ಹಿಡಿದರು. ಮೂರು ವಾರ ಅವರ ಸುಳಿವಿಲ್ಲ.

ಬೆಟ್ಟದಿಂದ ಗಾಳಿ ಇಳಿದಾಗಲೆಲ್ಲ ಹೊಗೆ ತಿರುಗಿ ಒಳಗೆ ಬರುತ್ತಿತ್ತು. ಅಮ್ಮ ಹಣೆಗೆ ಬಟ್ಟೆ ಬಿಗಿದುಕೊಂಡೇ ಅಡುಗೆ ಮಾಡತೊಡಗಿದಳು.

"ನುಂಗಿದ್ದನ್ನೆಲ್ಲ ವಾಪಸ್ ಉಗುಳ್ತದೆ ಕಣೇ ಈ ಒಲೆ. ಥೇಟ್ ನಮ್ಮ ಬೀಗರ ಹಾಗೆ, ಬಾಯಿ ಮಾತ್ರ ದೊಡ್ಡದು" ಎಂದು ನಗುತ್ತಿದ್ದಳು.

ಬೇರೆ ಯಾರಿಂದಲಾದರೂ ಆ ತುಂಡು ಹಾಕಿಸೋಣ ಎಂದು ಅಪ್ಪನಿಗೆ ಹೇಳಿದೆ.

"ಬೀಗರ ಕೆಲಸದ ಮೇಲೆ ಇನ್ನೊಬ್ಬನ ಕೈ ಇಡಿಸಿದ್ರೆ ಊರೆಲ್ಲ ಗೊತ್ತಾಗ್ತದೆ. ನಿನ್ನಕ್ಕ ಏಳು ತಿಂಗಳ ಬಸುರಿ. ಆ ಮನೇಲಿ ಅವಳು ಹೇಗೆ ಬಾಳ್ಬೇಕು?"

"ನೀವೇ ಒಂದ್ಸಲ ಫೋನ್ ಮಾಡಿ ಅಪ್ಪಾ."

"ಮಾಡ್ದೆ. ಬರ್ತೀನಿ ಅಂದ್ರು. ಎರಡನೇ ಸಲ ಕೇಳಿದ್ರೆ ಭಿಕ್ಷೆ ಆಗ್ತದೆ."

ಒಂದು ಮಧ್ಯಾಹ್ನ ವೇರಾಳ ಹತ್ತಿರ ಬಿಡುವು ಕೇಳಿಕೊಂಡು, ಗ್ರಾಹಕರ ದೂರು ತೆಗೆದುಕೊಳ್ಳುವ ಕಚೇರಿಗೆ ಹೋದೆ. ಬಾಗಿಲಲ್ಲೇ ಬಹಳ ಹೊತ್ತು ನಿಂತಿದ್ದ ನನ್ನನ್ನು ಅಲ್ಲಿದ್ದ ಹೆಂಗಸೇ ಒಳಗೆ ಕರೆದಳು.

"ಕಾಗದ ಇಲ್ದಿದ್ರೂ ಕಾನೂನು ನಿಮ್ಮ ಕಡೇನೇ ಇದೆ ತಂಗಿ. ಕೆಟ್ಟ ಕೆಲಸವನ್ನ ಅವನೇ ಸರಿ ಮಾಡ್ಕೊಡ್ಬೇಕು. ಆದ್ರೆ ಅವನೇ ಮಾಡಿದ್ದು ಅಂತ ಹೇಳೋ ಸಾಕ್ಷಿ ಬೇಕು, ದೂರಿಗೆ ನಿಮ್ಮಪ್ಪನ ಸಹಿ ಬೇಕು. ಕಲ್ಲಿದ್ದಲಿನ ಹೊಗೆ ವಿಷ, ಅಲ್ಲೀವರೆಗೂ ಆ ಒಲೆ ಹಚ್ಚಬೇಡಿ."

"ಹಚ್ಚದೆ ಹೇಗೆ?" ಎಂದೆ. ಅವಳು ಹಿಮ ಕಟ್ಟಿದ ಕಿಟಕಿಯ ಕಡೆ ನೋಡಿದಳು.

ಅಲ್ಲಿಂದ ತಂದ ದೂರಿನ ಅರ್ಜಿಯನ್ನು ಅಪ್ಪ ಕೈಯಿಂದ ಮುಟ್ಟಲೇ ಇಲ್ಲ.

ಅದಾದ ನಾಲ್ಕನೆಯ ದಿನ ಜೋರು ಗಾಳಿ ಎದ್ದಿತು. ಅಪ್ಪ ಕುರಿಸಂತೆಗೆ ಹೋಗಿದ್ದರು. ನಾನು ನಾಲ್ಕು ಗಂಟೆಗೆ ಮನೆಗೆ ಬಂದು ಬಾಗಿಲು ತೆಗೆದರೆ ಅಮ್ಮ ನಾದಿದ ಹಿಟ್ಟಿನ ಪಕ್ಕದಲ್ಲಿ ಒರಗಿ ಮಲಗಿದ್ದಳು. ಕೆನ್ನೆ ಎಳೆಯ ಹುಡುಗಿಯ ಕೆನ್ನೆಯಷ್ಟು ಕೆಂಪಗಿತ್ತು. ಅವಳನ್ನು ಹಿಮಕ್ಕೆ ಎಳೆದುತಂದೆ. ಕೈ ಸೆಟೆದುಹೋಗಿತ್ತು. ಬೆರಳ ಸಂದಿಯಲ್ಲಿ ಹಿಟ್ಟು ಒಣಗಿತ್ತು.

ಸಾವಿನ ಮನೆಗೆ ಎಲ್ಲರಿಗಿಂತ ಗಟ್ಟಿಯಾಗಿ ಅಳುತ್ತಾ ಬಂದವರು ಜೋಲ್ದೋಶ್ ಮೇಸ್ತ್ರಿ. ಬೀದಿಯ ತುದಿಯಿಂದಲೇ ಅವರ ದನಿ ಕೇಳಿಸಿತು. ಅಪ್ಪನನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಅವರು ಸುಳ್ಳಿಗೆ ಅಳುತ್ತಿದ್ದರೆಂದು ನಾನು ಹೇಳಲಾರೆ.

ಮೂರನೆಯ ದಿನ ತನಿಖೆಯ ಅಧಿಕಾರಿ ಬಂದ. ಕೊಳವೆ ನೋಡಿ, ಫೋಟೋ ತೆಗೆದು, ಒಳಗೆ ಬಂದು ಕೂತ. ಅಪ್ಪ, ಬೀಗರು, ಪಕ್ಕದ ಮನೆಯಿಂದ ತಂದ ಚಹಾ ಬಸಿಯುತ್ತಿದ್ದ ಅಕ್ಕ, ಬಾಗಿಲ ಬಳಿ ನಾನು.

"ಇದನ್ನ ಕೂರಿಸಿದ್ದು ಯಾರು?"

ಅಪ್ಪ ನೆಲ ನೋಡುತ್ತಾ, "ನಾನೇ" ಎಂದರು.

ಮೇಸ್ತ್ರಿ ಕೆಮ್ಮಿದರು. ಒಪ್ಪಿಕೊಳ್ಳುತ್ತಾರೇನೋ ಎಂದು ಕಾದೆ. ಅವರು ಬಟ್ಟಲು ಎತ್ತಿಕೊಂಡರು.

"ಅಪ್ಪ ಅಲ್ಲ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಇವರು ಕೂರಿಸಿದ್ದು. ಜೋಲ್ದೋಶ್ ಮೇಸ್ತ್ರಿ."

"ಹುಡುಗಿಗೆ ದುಃಖದಲ್ಲಿ ತಲೆ ಕೆಟ್ಟಿದೆ, ಸಾಹೇಬ್ರೇ" ಎಂದರು ಮೇಸ್ತ್ರಿ ಮೆಲ್ಲಗೆ.

"ಕರಾರು ಇದೆಯೇನಮ್ಮ?" ಎಂದು ಅಧಿಕಾರಿ ನನ್ನತ್ತ ತಿರುಗಿದ.

"ಇಲ್ಲ."

"ಬೇರೆ ಯಾರಾದ್ರೂ ನೋಡಿದ್ದಾರಾ?"

ಒಲೆ ಕಟ್ಟುವ ಎರಡೂ ದಿನ ಅಕ್ಕ ಮಾವನಿಗೆ ಊಟ ತಂದಿದ್ದಳು. ನಾನು ಅವಳನ್ನು ನೋಡಿದೆ. ಅಧಿಕಾರಿಯೂ ನೋಡಿದ. ಅಕ್ಕನ ಒಂದು ಕೈ ಹೊಟ್ಟೆಯ ಮೇಲಿತ್ತು.

"ನಂಗೇನೂ ಗೊತ್ತಿಲ್ಲ" ಎಂದಳು.

ಮನೆಯ ಯಜಮಾನನೇ ಕೂರಿಸಿದ್ದು ಎಂದು ಅಧಿಕಾರಿ ಬರೆದುಕೊಂಡು ಓದಿಹೇಳಿದ. ಅಪ್ಪ ಸಹಿ ಹಾಕಿದರು. ನಾನೂ ನನ್ನ ಮಾತನ್ನು ಬರೆದುಕೊಳ್ಳಿ ಎಂದೆ. ಅವನು ಕೊನೆಯಲ್ಲಿ ಒಂದು ಸಾಲು ಸೇರಿಸಿ, ಪೆನ್ನು ಜೇಬಿಗಿಟ್ಟುಕೊಂಡ.

ಅಂಗಳದಲ್ಲಿ ಬಟ್ಟಲು ತೊಳೆಯುವಾಗ ಅಕ್ಕ ನನ್ನ ಪಕ್ಕಕ್ಕೆ ಬಂದಳು. ಮಾವನ ಕಾರು ಆಗಲೇ ಗುರುಗುಟ್ಟುತ್ತಿತ್ತು.

"ನೀನು ಬಾಯಿ ಬಿಡಬಾರದಿತ್ತು. ನಾನೀಗ ಆ ಮನೆಗೆ ಹೋಗ್ಬೇಕು ಕಣೇ."

"ಹೋಗ್ಬೇಡ. ಇಲ್ಲೇ ಇರು."

ಅಕ್ಕ ನಮ್ಮ ಮನೆಯ ಕಡೆ ನೋಡಿದಳು. ಮೂರು ದಿನದಿಂದ ಯಾರೂ ಒಲೆ ಹಚ್ಚಿರಲಿಲ್ಲ. ಕಿಟಕಿಯ ಒಳಮೈಯಲ್ಲೂ ಹಿಮ ಕಟ್ಟಿತ್ತು.

"ಕೂಸನ್ನ ಇಲ್ಲಿ ಹೆರ್ಲಾ?" ಎಂದಳು.

ಕಾರಿನ ಹಾರ್ನ್ ಎರಡು ಸಲ ಕೂಗಿತು. ಅವಳು ಒದ್ದೆ ಕೈಯನ್ನು ಅಂಗಿಯ ಅಂಚಿಗೆ ಒರೆಸಿಕೊಂಡು, ಹಿಮದಲ್ಲಿ ಜಾರದ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಾ ಹೋಗಿ ಮಾವನ ಹಿಂದಿನ ಸೀಟಿನಲ್ಲಿ ಕೂತಳು.